ಆ ಪೋರಿನ್ನ ಎಲ್ಲಿ ಬಿಟ್ಟಿ?

ನಮ್ಮ ಶ್ರಾವಣಿ ಪುಸ್ತಕ ಓದಿ ಅಂಜ್ಯಾಳ್ರಿ! ನಿನ್ನೆ ಸಂಜಿಯಿಂದ ಈ ಸುದ್ದಿ ಯಾರ ಮುಂದ ಹೇಳಲಿ ಅಂತ ಒದ್ದಾಡಾಕತ್ತೀನಿ. ಶ್ರಾವಣಿ ಅಂದ್ರ ನನ್ನ ಮೊಮ್ಮಗಳು, ಮಗಳು ರೇಣುಕಾನ ಮಗಳು. ಸಾಲಿ ಸೂಟಿಗೆ ಸೇಡಂಗೆ ನಮ್ಮ ಮನಿಗೆ ಬಂದಾಳ. ನಮ್ಮ ಕಡಿ ಹೆಣ್ಣುಮಕ್ಕಳ ಲಗ್ನ ಲಗೂ ಆಗತಿದ್ದವು, ಹಿಂಗಾಗಿ ತಲಿ ಪೂರಾ ನೆರಿಯೂ ಮೊದಲೇ ನಾನು ಆಯಿ ಆದಾಕಿ. ಸಾಲಿಯಿಂದ ತಂದ ಸಣ್ಣ ಪುಸ್ತಕ ಹಿಡಕೊಂಡು ಕಟ್ಟಿ ಮ್ಯಾಲೆ ಕುಂತು ಆಕಿ ನನಗ ಓದಿ ಹೇಳಾಕತ್ತಿದ್ದಳು. ಒಬ್ಬ ಪೋರ ಚೆಂಡು ಹುಡುಕಿಕೋತ ಹಾಳುಬಿದ್ದ ಬಂಗ್ಲೆ ಒಳಗ ಹೋಗತಾನ, ಅವನ ಹಿಂದ ಬಾಗಿಲಾ ತಾನೇ ಮುಚ್ಚಿಕೊಳ್ಳತದ. ಅಲ್ಲಿಗೆ ಬಂದಾಗ ಆಕಿ ದನಿ ಸಣ್ಣಾತು. ತೋಳು ನನ್ನ ಕಡಿ ಚಾಚಿ, "ಆಯಿ, ನೋಡಿಲ್ಲಿ, ಕೂದಲಾ ನಿಂತಾವ" ಅಂದಳು. ಮುಟ್ಟಿ ನೋಡಿದೆ. ಖರೇನೇ ನಿಂತಿದ್ದವು. ನನಗ ಓಣಿ ತುಂಬ ಸಕ್ರಿ ಹಂಚಬೇಕು ಅನ್ನಿಸಿತು. ರೇಣುಕಾ ಒಳಗಿಂದ, "ಹುಡುಗಿ ಅಂಜಿದ್ರ ನಿನಗ ಖುಷಿ ಏನವ್ವಾ? ತಲಿ ನೆಟ್ಟಗ ಅದನೋ ಇಲ್ಲೋ? ಸಾಕು ಮಾಡ್ರಿ, ಊಟಕ್ಕ ಬರ್ರಿ" ಅಂತ ಒದರಿದಳು. ಶ್ರಾವಣಿ ಪುಸ್ತಕ ಟಪ್ ಅಂತ ಮುಚ್ಚಿದಳು.

ಆ ಸಪ್ಪಳಕ್ಕ ನನ್ನ ಎದಿ ಧಸಕ್ಕಂತು. ನಾ ಹುಟ್ಟಿದ ಮನಿಯಾಗ ಪುಸ್ತಕ ಹಂಗ ಮುಚ್ಚಾಕ ಯಾರಿಗೂ ಬಿಡತಿದ್ದಿಲ್ಲ.

ಶಹಾಬಾದದ ನಮ್ಮ ಮನಿ ಪೂರಾ ಫರ್ಸಿ ಕಲ್ಲಿಂದು. ಗ್ವಾಡಿ ಫರ್ಸಿ, ನೆಲ ಫರ್ಸಿ, ಮ್ಯಾಲೆ ಹೊದಿಸಿದ್ದೂ ಫರ್ಸಿ. ಬ್ಯಾಸಗಿಯೊಳಗ ಸುಡತಿತ್ತು, ಚಳಿಗಾಲದಾಗ ಕೊರಿಯತಿತ್ತು, ಆದ್ರ ಸಂಜಿ ಹೊತ್ತಿನಾಗ ನೀರು ಹೊಡದು ಒರಸಿದ ಆ ನೆಲದ ಮ್ಯಾಲೆ ಬರಿಗಾಲಿಲೆ ನಿಂತರ ಅದರ ತಂಪು ನೆತ್ತಿತನಕ ಏರತಿತ್ತು. ಅಪ್ಪ ಖಣಿಯಾಗ ಅದೇ ಕಲ್ಲು ಕಡಿಯತಿದ್ದ. ಹುಬ್ಬು, ಮೀಸಿ, ತಲಿ ಎಲ್ಲಾ ಬೆಳ್ಳಗ ಧೂಳಿ ಹಚಗೊಂಡು ದಿನಾ ಮುದುಕನಾಗಿ ಮನಿಗೆ ಬರತಿದ್ದ, ಮಾರಿ ತೊಳಕೊಂಡ ಮ್ಯಾಲೆ ನಮ್ಮಪ್ಪ ಆಗತಿದ್ದ. ಮನಿಯಾಗ ಅವ್ವ, ಅಪ್ಪನ ಅವ್ವ ಆಯಿ, ಮತ್ತ ಅಪ್ಪನ ತಂಗಿ ಕಾಶತ್ತಿ. ಅತ್ತಿ ಚಿಂಚೋಳಿ ಕಡಿಯಿಂದ ಗಂಡನ್ನ ಬಿಟ್ಟು ಬಂದಾಕಿ. ಹಗಲೆಲ್ಲಾ ಫರ್ಸಿ ಪಾಲಿಶ್ ಮಾಡೂ ಕಡಿ ಕೂಲಿ. ಆದ್ರ ನಮ್ಮ ಮನಿಯಾಗ ತಡವರಿಸದಂಗ ಓದಾಕ ಬರತಿದ್ದದ್ದು ಆಕಿ ಒಬ್ಬಾಕಿಗೇ.

ಬಸ್ ಸ್ಟ್ಯಾಂಡ್ ಹತ್ರ ಒಬ್ಬ ಚಾಚಾನ ಬೀಡಿ ಅಂಗಡಿ ಇತ್ತು. ಅಂಗಡಿ ಮುಂದ ಹಗ್ಗ ಕಟ್ಟಿ ಪತ್ತೇದಾರಿ, ದೆವ್ವದ ಕಾದಂಬರಿ ಜೋತುಬಿಡತಿದ್ದ. ಬಾಡಗಿಗೆ ಒಯ್ದು, ಓದಿ, ತಿರುಗಿ ಕೊಡೂದು. ಅವಕ್ಕೆಲ್ಲಾ ಒಂದೇ ವಾಸನಿ, ಬೀಡಿ ಎಲಿ, ತಂಬಾಕು, ಒಂದೀಟು ಸುಣ್ಣ. ಈಗೂ ಯಾರರ ಬೀಡಿ ಕಟ್ಟು ಬಿಚ್ಚಿದ್ರ ನನಗ ಮೊದಲು ನೆನಪಾಗೂದು ಕೊಲಿ. ಚಾಚಾ ಭಾಳ ಚಾಷ್ಟಿ ಮನಷ್ಯಾ. "ಇದು ಒಯ್ಯಿ ಬೇಟಿ, ಇದನ್ನ ಓದಿದಾಗಿಂದ ಸಂಜಿ ಆದ ಮ್ಯಾಲೆ ನಾನೇ ಅಂಗಡಿ ಹಿಂದ ಹೋಗವಲ್ಲೆ" ಅಂತ ಅತ್ತಿಗೆ ಹೇಳತಿದ್ದನಂತ. ಆಕಿ ಸೆರಗಿನಾಗ ಮುಚಗೊಂಡು ತರತಿದ್ದಳು, ಓಣಿಯೊಳಗ ಯಾರರ ನೋಡಿದ್ರ ಗಂಡ ಬಿಟ್ಟಾಕಿಗೆ ಕತಿ ಚಟ ಬ್ಯಾರೆ ಅಂತಾರ ಅಂತ.

ಸಂಜಿಗೆ ಕಂದೀಲು ಹಚ್ಚಿ, ಅಪ್ಪ ಬರೂತನಕ ಓದು. ಅವ್ವ ರೊಟ್ಟಿ ಬಡಿಯೂದು, ನಾನು ಬೆಂಕಿಗೆ ಕಟಗಿ ನೂಕೂದು, ಆಯಿ ಗ್ವಾಡಿಗೆ ಆತು ಕುಂತು ಕಾಲು ನೀವಿಕೊಳ್ಳೂದು. ಪುಸ್ತಕದ ಮಾತು ದೊಡ್ಡ ದೊಡ್ಡವು ಇರತಿದ್ದವು, ಅತ್ತಿ ಅವನ್ನ ನಮ್ಮ ಮಾತಿಗೆ ತಿರುವಿ ಓದತಿದ್ದಳು. ಮಾಳಿಗಿ ಮ್ಯಾಲೆ ಯಾರೋ ನಡದಾಡಿದಂಗ ಆತು ಅಂದಳಂದ್ರ ಅವ್ವನ ಕೈಯಾಗಿನ ರೊಟ್ಟಿ ಅಲ್ಲೇ ನಿಲ್ಲತಿತ್ತು. ಮ್ಯಾಲೆ ಫರ್ಸಿ ಬಿಟ್ಟರ ನಮಗ ಮಾಳಿಗಿನೇ ಇದ್ದಿಲ್ಲ, ಆದರೂ ಎಲ್ಲಾರೂ ಮ್ಯಾಲೆ ನೋಡತಿದ್ದೆವು. ಕೊಲಿ ಬಂದ್ರ ಅವ್ವ ಎದ್ದು ಈಳಿಗಿ ಮಣಿ ಬೋರಲ ಹಾಕತಿದ್ದಳು. ಆಯಿ ಮಾತ್ರ ಕೊಲಿಗಾರಗ ನೇರ ಬೈಯತಿದ್ದಳು. "ತೆಗಿಯೋ ಮೂಳಾ ಬಾಗಿಲಾ, ನಿನ್ನ ಕೈಗೆ ಹುಳಾ ಬೀಳಲಿ!" ಅತ್ತಿ ನಗತಿದ್ದಳು, "ಅವ್ವಾ, ಅವ ಕೇಳಿಸಿಕೊಂಡಾನು, ಸಾವಕಾಶ ಬೈಯಿ."

ಆಯಿದು ಒಂದು ಹಟ ಇತ್ತು. ಕತಿಯೊಳಗ ಯಾರರ ಆಪತ್ತಿನಾಗ ಇದ್ರ ಪುಸ್ತಕ ಮುಚ್ಚಬಾರದು. "ಆ ಪೋರಿನ್ನ ಕತ್ತಲದಾಗ ಬಿಟ್ಟು ನೀವು ಹೆಂಗ ಉಣ್ಣತೀರಿ? ನಿಮ್ಮ ಹೊಟ್ಟಿಗೆ ಹೆಂಗ ಇಳೀತದ?" ಅನ್ನಾಕಿ. ಆದ್ರ ಅಂಥ ಪುಸ್ತಕದೊಳಗ ಪ್ರತಿ ಪುಟಕ್ಕೂ ಆಪತ್ತೇ, ಅಪ್ಪಂದು ಬರೂ ಹೊತ್ತಾಗಿರತಿತ್ತು, ಕಂದೀಲಿನ ಎಣ್ಣಿ ತೀರಿರತಿತ್ತು. ಅದಕ್ಕ ಅತ್ತಿ ಒಂದು ದಾರಿ ಹುಡುಕಿದ್ದಳು. ಓದೂದು ನಿಂದರಿಸಿ, ತಾನೇ ಒಂದಿಷ್ಟು ಸೇರಿಸಿ, ಸಿಕ್ಕಿಕೊಂಡವರನ್ನ ಆ ರಾತ್ರಿ ಮಟ್ಟಿಗೆ ನಮ್ಮೂರ ಬಾಜೂಕಿನ ದೊಡ್ಡ ಜಂಕ್ಷನ್ನು, ವಾಡಿ ಸ್ಟೇಷನ್ನಿನ ವೇಟಿಂಗ್ ರೂಮಿಗೆ ತಂದು ಕುಂದರಸತಿದ್ದಳು. ಯಾಕಂದ್ರ ಅಲ್ಲಿ ಹಗಲು ರಾತ್ರಿ ಲೈಟು ಇರತದ, ಮಂದಿ ಇರತಾರ, ಚಹಾ ಸಿಗತದ. "ಆಕಿ ವಾಡ್ಯಾಗ ಕುಂತಾಳವ್ವಾ. ಚಹಾ ಕುಡದಾಳ. ನಾಳಿಗೆ ಮತ್ತ ಬಂಗ್ಲೆಕ್ಕ ಒಯ್ಯತೀನಿ." ಆಯಿ ಕೇಳಾಕಿ, "ಊಟ?" "ಆತು. ರೊಟ್ಟಿ, ಬ್ಯಾಳಿ ಪಲ್ಯ." "ಹೊದ್ದುಕೊಳ್ಳಾಕ?" "ಅದೂ ಅದ." ಆಮ್ಯಾಲೆ ಆಯಿ ಹೂಂ ಅಂದ್ರ ಪುಸ್ತಕ ಮುಚ್ಚೂದು, ಅದೂ ಸಪ್ಪಳ ಆಗದಂಗ. ನಾನು ಹಾಸಿಗಿಯೊಳಗ ಮುದುಡಿಕೊಂಡು ಆ ವೇಟಿಂಗ್ ರೂಮ್ ನೆನಿಸತಿದ್ದೆ. ಯಾವ್ಯಾವುದೋ ಕಾದಂಬರಿಯೊಳಗಿಂದ ಬಂದ ಪೋರಿಗೋಳು, ಮುದುಕರು, ಕೈ ಮುರದ ಪತ್ತೇದಾರ, ಎಲ್ಲಾರೂ ಒಂದೇ ಬೆಂಚಿನ ಮ್ಯಾಲೆ ತೂಕಡಿಸಿಕೋತ ಕುಂತಾರ.

ಈಗ ವಿಚಾರ ಮಾಡತೀನಿ, ದುಡದು ಸೋತು ಬಂದ ಮಂದಿ ಅಷ್ಟು ಆಸ್ಥೆಯಿಂದ ಅಂಜಾಕ ಯಾಕ ಕುಂದರತಿದ್ದರು ಅಂತ. ಅಂಜಿಕಿ ನಮಗ ಹೊಸದಲ್ಲ. ಮಧ್ಯಾಹ್ನ ಖಣಿಯಾಗ ಕಲ್ಲಿಗೆ ಮದ್ದು ತುಂಬಿ ಸುರಂಗ ಹಾರಿಸಿದ್ರ ಅಡಗಿ ಮನಿ ಭಾಂಡಿ ನಡಗತಿದ್ದವು, ಅವ್ವ ಬಾಗಿಲಿಗೆ ಬಂದು ದಾರಿ ನೋಡತಿದ್ದಳು. ಕೆಲಸ ಬಿಟ್ಟ ಖಣಿಯೊಳಗ ಹಸರ ನೀರು ನಿಂತಿತ್ತು, ಅಲ್ಲಿ ಈಜಾಕ ಹೋದವರೆಲ್ಲಾ ತಿರುಗಿ ಬಂದಿದ್ದಿಲ್ಲ. ಅತ್ತಿ ಗಂಡ ಎಂದು ಬಂದು ಆಕಿನ್ನ ಎಳಕೊಂಡು ಹೋಗತಾನೋ ಅನ್ನೂದಿತ್ತು. ಆ ಅಂಜಿಕಿಗೆಲ್ಲಾ ಕಡೀ ಪುಟ ಇದ್ದಿಲ್ಲ. ಅತ್ತಿ ತರೂ ಅಂಜಿಕಿಗೆ ಇತ್ತು, ಅಲ್ಲಿತನಕ ಮುಟ್ಟಿದ್ರ ಯಾರು ಮಾಡಿದ್ದು, ಯಾಕ ಮಾಡಿದ್ದು ಅಂತ ತಿಳೀತಿತ್ತು. ಅಷ್ಟಕ್ಕೇ ನಮಗ ಉಸುರು ಹಗುರ ಆಗತಿತ್ತೋ ಏನೋ.

ಕಡೀಗೆ ಅತ್ತಿ ತಂದ ಪುಸ್ತಕಕ್ಕ ರಟ್ಟು ಇದ್ದಿಲ್ಲ, ಮೊದಲಿನ ಹಾಳಿನೂ ಹರದಿದ್ದವು. ಹಿಂಗಾಗಿ ಅದರ ಹೆಸರು ನಮಗ ಎಂದೂ ತಿಳೀಲಿಲ್ಲ. ಒಂದು ದೊಡ್ಡ ಮನಿ, ಅಲ್ಲಿ ಮುದುಕಿನ್ನ ನೋಡಿಕೊಳ್ಳಾಕ ಬಂದ ಬಡ ಪೋರಿ. ಆ ಮನಿಯಾಗ ಯಾರೋ ಆಕಿನ್ನ ಹಾಳು ಬಾವಿಗೆ ನೂಕತಾರ. ನೀರಿಲ್ಲ, ಕಾಲು ಉಳಕ್ಯಾದ, ಮ್ಯಾಲೆ ನೋಡಿದ್ರ ರೊಟ್ಟಿಯಷ್ಟು ಆಕಾಶ. "ಅಷ್ಟರಾಗ ಯಾರೋ ಬಾವಿ ಬಾಯಿಗೆ ಫರ್ಸಿ ಎಳದು ಮುಚ್ಚಾಕತ್ತಿದರು" ಅಂತ ಓದಿದಳು ಅತ್ತಿ. ನನಗ ಅದು ನಮ್ಮಪ್ಪ ಕಡದ ಕಲ್ಲೇ ಏನೋ ಅನ್ನಿಸಿತು. ಆವಾಗೇ ಅತ್ತಿಗೆ ಕೆಮ್ಮು ಹತ್ತಿತು. ಕೆಮ್ಮು ಆಕಿಗೆ ಭಾಳ ದಿನದ್ದೇ, ನಾವು ಸುಮ್ಮನ ಕುಂತೆವು. ಅದು ನಿಲ್ಲಲಿಲ್ಲ. "ತಡಿ ಅವ್ವಾ, ಆಕಿನ್ನ ಹೊರಗ ತಗೀತೀನಿ" ಅಂದಳು, ಮತ್ತ ಕೆಮ್ಮಿದಳು, ಸೆರಗು ಬಾಯಿಗೆ ಒತ್ತಿಕೊಂಡಳು. ಸೆರಗು ಕೆಂಪಾತು. ಅಪ್ಪ ಬಂದಾವನು ಮಾರಿ ಸುದ್ದಾ ತೊಳೀಲಿಲ್ಲ, ಅದೇ ಬೆಳ್ಳನ್ನ ಮಾರೀಲೇ ಟಂಟಂ ಆಟೋ ಕರಕೊಂಡು ಬಂದ. ಗುಲ್ಬರ್ಗಾದ ದವಾಖಾನಿಗೆ ಒಯ್ಯಾಕ ಎತ್ತಿ ಕುಂದರಸಿದರು. ಆಯಿ ಹೊಸ್ತಿಲದಾಗ ನಿಂತು ಗಾಬರಿಯೊಳಗ ಏನು ಕೇಳಬೇಕು ತಿಳೀದೆ ಅದನ್ನೇ ಕೇಳಿದಳು, "ಕಾಶೀ, ಆ ಪೋರಿನ್ನ ಎಲ್ಲಿ ಬಿಟ್ಟಿ?" ಅತ್ತಿ ಕೈ ಎತ್ತಿದಳು. "ಬಂದು ಹೇಳತೀನಿ."

ಬರಲಿಲ್ಲ. ಅಂದ್ರ, ಬಂದಳು, ಆದ್ರ ಹೇಳೂ ಹಂಗ ಬರಲಿಲ್ಲ.

ದಿನಕರ್ಮ ಮುಗದ ಮ್ಯಾಲೆ ಅಪ್ಪ ಆ ಪುಸ್ತಕ ಚಾಚಾಗ ಕೊಟ್ಟು ಬಂದ, ಮನಿಯಾಗ ಅದನ್ನ ನೋಡೂ ಶಕ್ತಿ ಯಾರಿಗೂ ಇದ್ದಿಲ್ಲ. ನನಗ ಆವಾಗ ಅಕ್ಷರ ಕೂಡಿಸಿ ಓದಾಕ ಬರತಿತ್ತು, ಒತ್ತಕ್ಷರ ಬಂದ್ರ ನಿಲ್ಲತಿದ್ದೆ. ಅತ್ತಿ ಮುಂಜಾನಿ ಸಂಜಿ ಮಾಡತಿದ್ದ ಮನಿಗೆಲಸ ನನ್ನ ಕೈಗೆ ಬಂತು, ಸಾಲಿ ಅಲ್ಲಿಗೇ ನಿಂತಿತು. ಮುಂದ ಒಮ್ಮೆ ಆ ಅಂಗಡಿಗೆ ಹೋಗಿ ನೋಡಿದ್ರ ಹಗ್ಗದ ಮ್ಯಾಲೆ ಪುಸ್ತಕ ಇದ್ದಿಲ್ಲ, ಗುಟಕಾ ಚೀಟಿ ಜೋತಾಡಾಕತ್ತಿದ್ದವು. ಸಂಜಿಗೆ ಕಂದೀಲು ಹಚ್ಚತಿದ್ದೆವು, ಯಾರೂ ಓದತಿದ್ದಿಲ್ಲ. ಅಂಜಿಸೂ ಪುಸ್ತಕ ಇಲ್ಲದ ಮನಿ ಎಷ್ಟು ಅಂಜಿಸತದ ಅಂತ ಆವಾಗ ತಿಳೀತು. ಆಯಿ ಉಣ್ಣಾಕ ಕುಂತರ ತುತ್ತು ಹಿಡದು ಒಮ್ಮೊಮ್ಮೆ ತಿರುಗಿ ತಾಟಿಗೆ ಇಡತಿದ್ದಳು. "ಕಲ್ಲು ಎಳದ್ರಲ್ಲ" ಅನ್ನಾಕಿ, ಅಷ್ಟೇ. ಆಮ್ಯಾಲೆ ನನ್ನ ಲಗ್ನ ಆತು, ಸೇಡಂಗೆ ಬಂದೆ. ಖಣಿ ಬೆಳಕೋತ ಬೆಳಕೋತ ನಮ್ಮ ಮನಿತನಕ ಬಂತು. ಮನಿ ಕೆಡವಿ ಅಪ್ಪ ಅವ್ವ ಆಯಿನ್ನ ಕರಕೊಂಡು ಬಾಜೂಕಿನ ಭಂಕೂರಿಗೆ ಹೋದರು. ಅತ್ತಿ ಕುಂತು ಓದತಿದ್ದ ಆ ಜಾಗದಾಗ ಈಗ ಹಸರ ನೀರು ನಿಂತದ.

ಆಯಿಗೆ ಭಾಳ ಜಡ್ಡು ಅಂತ ಸುದ್ದಿ ಬಂದಾಗ ರೇಣುಕಾ ಇನ್ನೂ ನನ್ನ ಬಗಲಾಗಿನ ಕೂಸು. ಸೇಡಂದಿಂದ ರೈಲು ಹತ್ತಿದೆ, ಚಿತ್ತಾಪುರ ದಾಟಿತು, ಶಹಾಬಾದಕ್ಕ ಹೋಗಾಕ ವಾಡ್ಯಾಗ ಇಳದು ಗಾಡಿ ಬದಲಸಬೇಕು. ಮುಂದಿನ ಗಾಡಿ ತಡ ಇತ್ತು. ಕೂಸಿನ್ನ ಎತಗೊಂಡು ವೇಟಿಂಗ್ ರೂಮಿಗೆ ಹೋದೆ. ಅಷ್ಟು ಮಂದಿನ್ನ ನಾವು ಕಳಿಸಿದ ಜಾಗ, ನಾನು ಒಳಗ ಕಾಲಿಟ್ಟದ್ದು ಅವತ್ತೇ ಮೊದಲು. ಒಂದು ಉದ್ದ ಬೆಂಚು, ಸಿಮೆಂಟ್ ಧೂಳಿ ಕುಂತ ಖಿಡಕಿ, ನೆಲಕ್ಕ ನಮ್ಮದೇ ಫರ್ಸಿ. ಒಂದು ಮೂಲಿಯೊಳಗ ಇಬ್ಬರು ಹೆಣ್ಣುಮಕ್ಕಳು ಮಾರಿ ತನಕ ಸೆರಗು ಹೊದ್ದು, ಒಬ್ಬರಿಗೊಬ್ಬರು ಆತು ಮಲಗಿದ್ದರು. ಯಾವ ಊರವರೋ ಏನೋ. ಗಾಡಿ ಬರೂತನಕ ನಾ ಅವರ ಕಡೇನೇ ನೋಡಕೋತ ಕುಂತೆ.

ಭಂಕೂರದಾಗ ಆಯಿ ಗ್ವಾಡಿ ಕಡಿ ಮಾರಿ ಮಾಡಿ ಮಲಗಿದ್ದಳು. ಕೈ ಹಿಡಕೊಂಡೆ. "ಆಯಿ, ಆ ಪೋರಿ ಬಾವಿ ಹೊರಗ ಬಂದಾಳ. ಈಗ ವಾಡ್ಯಾಗ ನೋಡಿ ಬಂದೆ" ಅಂದೆ. ಆಯಿ ಕಣ್ಣು ತೆರೀಲಿಲ್ಲ. "ಒಬ್ಬಾಕಿನೇ ಕುಂತಾಳೇನು?" ಅಂದಳು.

"ಇಲ್ಲ. ಬಾಜೂಕ ಅತ್ತಿ ಅದಾಳ."

"ಕೆಮ್ಮಾಕತ್ತಿದ್ದಳೇನು?"

"ಇಲ್ಲ ಆಯಿ. ಮಲಗ್ಯಾಳ."

"ಊಟ?"

"ಆಗ್ಯಾದ."

ಆಯಿ ಹೂಂ ಅಂದಳು.

ನಿನ್ನೆ ಶ್ರಾವಣಿ ಪುಸ್ತಕ ಮುಚ್ಚಿದಾಗ ಇದೆಲ್ಲಾ ನನ್ನ ಕಣ್ಣ ಮುಂದ ಬಂದು ನಿಂತಿತ್ತು. ಆಕಿ ಊಟಕ್ಕಂತ ಎದ್ದು ಅಡಗಿ ಮನಿ ಬಾಗಿಲತನಕ ಹೋದಳು. ಅಲ್ಲೇ ನಿಂತಳು. ತಿರುಗಿ ಬಂದು ಪುಸ್ತಕ ಎತ್ತಿ, ಆ ಪುಟ ಹುಡುಕಿ ತೆರೆದು ಇಟ್ಟಳು. "ಆಯಿ, ಬಾಗಿಲಾ ಮುಚ್ಯಾದಲ್ಲ, ಆ ಪೋರ ಒಳಗೇ ಅದಾನಲ್ಲ, ನಾ ಹೆಂಗ ಉಣ್ಣಲಿ?" ಅಂದಳು. ದೇವರಾಣಿ, ಆಕಿಗೆ ನಾ ಏನೂ ಹೇಳಿದ್ದಿಲ್ಲ. ಅತ್ತಿ ಹೆಸರು ಸುದ್ದಾ ಆಕಿ ಕೇಳಿದಾಕಿ ಅಲ್ಲ. "ಈ ರಾತ್ರಿ ಮಟ್ಟಿಗೆ ಅವನ್ನ ವಾಡಿ ಸ್ಟೇಷನ್ನಿನ ವೇಟಿಂಗ್ ರೂಮಿನಾಗ ಕುಂದರಸಿ ಬಾರವ್ವಾ. ನಾಳಿಗೆ ಮುಂದ ಓದೂಣು" ಅಂದೆ. ಆಕಿ ತೆರೆದ ಪುಟದ ಮ್ಯಾಲೆ ಬೆರಳು ಇಟ್ಟಳು. "ಅಲ್ಲಿ ಅವಗ ಯಾರು ಗುರ್ತು ಅದಾರ?"

"ಅದಾರ. ನಮ್ಮ ಮಂದಿನೇ ಅದಾರ."

ಎಲ್ಲಾರೂ ಕೂಡಿ ಉಣ್ಣಾಕ ಕುಂತೆವು. ನಮ್ಮ ಮನಿಯವರು, ರೇಣುಕಾ, ಅಳಿಯಂದಿರು, ನನ್ನ ಮಗ್ಗಲಿಗೆ ಶ್ರಾವಣಿ. ಬಿಸಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಅಳಿಯಂದಿರು, "ಅತ್ತಿ, ಇವತ್ತು ಏನು ವಿಶೇಷ, ಇಷ್ಟು ಬೆಣ್ಣಿ ಹಾಕಾಕತ್ತೀರಿ?" ಅಂತ ನಕ್ಕರು. ನಾ ಅವರಿಗೆ ಇನ್ನೊಂದು ರೊಟ್ಟಿ ಹಾಕಿದೆ. ಕಟ್ಟಿ ಮ್ಯಾಲೆ ಪುಸ್ತಕ ಹಂಗೇ ತೆರಕೊಂಡಿತ್ತು. ದೂರದಾಗ ವಾಡಿ ಕಡಿ ಹೋಗೂ ಗಾಡಿ ಕೂಗಿತು. ಶ್ರಾವಣಿ ತುತ್ತು ಹಿಡದಾಕಿ ತಲಿ ಎತ್ತಿ ನನ್ನ ನೋಡಿದಳು. ಗಾಡಿ ಸಪ್ಪಳ ಪೂರಾ ಹೋಗೂತನಕ ಇಬ್ಬರೂ ಕೇಳಿದೆವು. ಆಮ್ಯಾಲೆ ಆಕಿ ಹೂಂ ಅಂದು ತುತ್ತು ಬಾಯಿಗೆ ಇಟ್ಟಳು.