ತೊಟ್ಟಿಲಿನ ಹೆಸರು

ನಮ್ಮವರ ಸುದ್ದಿ ನನ್ನ ಕಿವಿಗೆ ಮೊದಲು ಬಿದ್ದ ದಿನ ನಾನು ಉಪ್ಪಿನಬೆಟಗೇರಿಯ ತವರುಮನೆಯ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕುಳಿತಿದ್ದೆ. ಹುಬ್ಬಳ್ಳಿಗೆ ಹತ್ತಿ ಮಾರಲು ಹೋಗಿ ಬಂದಿದ್ದ ದುರಗಪ್ಪ ಕಾಕಾ, ಅಲ್ಲಿನ ಅಡತಿ ಅಂಗಡಿಯಲ್ಲಿ ತೂಕ ಮಾಡುವ ಒಬ್ಬರ ಸುದ್ದಿಯನ್ನು ಅಪ್ಪನ ಮುಂದೆ ತೆಗೆದ. ಹೆಂಡತಿ ತೀರಿಕೊಂಡು ವರ್ಷವಾಗಿದೆ, ಶಂಭುಲಿಂಗ ಅಂತ ನಾಲ್ಕು ವರ್ಷದ ಮಗನಿದ್ದಾನೆ, ಇನ್ನೊಂದು ಸಂಬಂಧ ನೋಡುತ್ತಿದ್ದಾರೆ ಅಂದ. ಆಮೇಲೆ ನನ್ನ ಕಡೆ ತಿರುಗಿ ಹೇಳಿದ:

"ಹೆಂಡ್ತಿ ಎಂಟ ತಿಂಗಳ ಹಾಸಿಗಿ ಹಿಡದಿದ್ಲವಾ. ದಿನಾ ಮುಂಜಾನೆ ತಾನ ಕುಂತು ಆಕಿ ತಲಿ ಹಿಕ್ಕಿ, ಹೆರಳ ಹಾಕಿ, ಆಮ್ಯಾಲ ಅಂಗಡಿಗೆ ಬರತಿದ್ದ. ಅಂಥಾ ಮನಷ್ಯಾ."

ಅಪ್ಪನಿಗೆ ಅಷ್ಟೇ ಸಾಕಾಯಿತು. ಅವ್ವ ಕಣ್ಣೊರೆಸಿಕೊಂಡಳು. ನನಗೆ ಮಾತ್ರ ಹೊಟ್ಟೆಯಲ್ಲಿ ಕಿಚ್ಚು ಬಿತ್ತು. ಹತ್ತೊಂಬತ್ತರ ಹುಡುಗಿ ನಾನು; ಆ ಗಂಡಸಿನ ಮುಖ ನೋಡುವ ಮೊದಲೇ ಸತ್ತವಳ ಹೆರಳಿನ ಮೇಲೆ ಮತ್ಸರ ಹುಟ್ಟಿತು. ಅವಳ ಹೆಸರು ಈರವ್ವ.

ಮದುವೆಯಾಗಿ ಕಮರಿಪೇಟೆಯ ಬಾಡಿಗೆ ಮನೆಗೆ ಬಂದೆ. ಗೋಡೆಯ ಮೇಲೆ ಆಕೆಯ ಫೋಟೋ. ನಮ್ಮವರು ಸಂಜೆ ಬರುವಾಗ ಎರಡು ತುಂಡು ಮಲ್ಲಿಗೆ ಮಾಲೆ ತರುತ್ತಿದ್ದರು. ಒಂದು ಫೋಟೋಕ್ಕೆ, ಒಂದು ನನಗೆ. ಅವರು ಕೈಕಾಲು ತೊಳೆಯಲು ಬಚ್ಚಲಿಗೆ ಹೋದಾಗ ನಾನು ಎರಡನ್ನೂ ಮೊಳ ಹಾಕಿ ನೋಡುತ್ತಿದ್ದೆ. ಒಂದು ದಿನವೂ ಹೆಚ್ಚುಕಡಿಮೆ ಆಗಲಿಲ್ಲ. ಆಕೆಗೆ ಉದ್ದ ಸಿಕ್ಕಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಒಳ್ಳೆಯವರು. ಎರಡು ಸಲ ನನ್ನ ಬಸಿರು ನಿಲ್ಲದೆ ಹೋದಾಗ ತಿಂಗಳುಗಟ್ಟಲೆ ನನ್ನ ಕೈಗೆ ನೀರಿನ ಕೊಡ ಮುಟ್ಟಲು ಬಿಡಲಿಲ್ಲ. ಗಂಜಿ ಕಾಯಿಸಿ, ಆರಿಸಿ, ಹಾಸಿಗೆಯ ಹತ್ತಿರ ತಂದು ಕುಡಿಸಿದರು. ಓಣಿಯ ಹೆಂಗಸರು ತಮ್ಮ ಗಂಡಂದಿರಿಗೆ ಇವರನ್ನು ತೋರಿಸಿ ಚುಚ್ಚುತ್ತಿದ್ದರು. ನಾನು ಗಂಜಿ ಕುಡಿಯುತ್ತ, ಇದೂ ಆಕೆಗೆ ಮಾಡಿ ಮಾಡಿ ಕಲಿತದ್ದೇ ಅಂದುಕೊಳ್ಳುತ್ತಿದ್ದೆ. ನನಗೆ ಸಿಕ್ಕ ಪ್ರೀತಿಯೆಲ್ಲ ಯಾರೋ ಉಟ್ಟು ಬಿಟ್ಟ ಸೀರೆಯ ಹಾಗೆ ಕಾಣುತ್ತಿತ್ತು.

ನಮ್ಮ ಕಾಲದಲ್ಲಿ ಗಂಡ ಹೆಂಡತಿ ಒಬ್ಬರ ಹೆಸರು ಒಬ್ಬರು ಹಿಡಿಯುತ್ತಿರಲಿಲ್ಲ. ಮಗನ ಹೆಸರು ಹೇಳಿ ಕರೆಯುವುದು ರೂಢಿ. ಅವರು ನನ್ನನ್ನು "ಶಂಭುನ ಅವ್ವಾ" ಅನ್ನುತ್ತಿದ್ದರು. ಶಂಭುಲಿಂಗ ನನ್ನನ್ನೇ ಅವ್ವಾ ಅಂತ ಬೆಳೆದವನು, ಅದರಲ್ಲಿ ಅವನ ತಪ್ಪಿಲ್ಲ. ಆದರೆ ಅವನನ್ನು ಹಡೆದವಳು ಗೋಡೆಯ ಮೇಲಿದ್ದಳು. ಆ ಕೂಗಿಗೆ ಓಗೊಡುವಾಗಲೆಲ್ಲ, ಕರೆದದ್ದು ನನ್ನನ್ನೋ ಆಕೆಯನ್ನೋ ಎಂಬ ಅನುಮಾನ. ಸಾವಂತ್ರೆವ್ವ ಎಂಬ ನನ್ನ ಹೆಸರನ್ನು ಅವರ ಬಾಯಲ್ಲಿ ಕೇಳಿದ್ದು ಒಂದೇ ಸಲ, ರೇಷನ್ ಕಾರ್ಡು ಬರೆಯುವ ಕಾರಕೂನನ ಮುಂದೆ.

ಮುಂದೆ ಶಂಭುಲಿಂಗನಿಗೆ ಮಗಳು ಹುಟ್ಟಿದಳು. ಸೊಸೆ ಸೌಂದರ್ಯಾ ಅಂತ ಹೆಸರು ಆರಿಸಿಟ್ಟಿದ್ದಳು. ತೊಟ್ಟಿಲಿಗೆ ಹಾಕುವ ದಿನ ನಮ್ಮವರು, ಸಾಲಿಯಲ್ಲಿ ಅದನ್ನೇ ಬರೆಸಿರಿ, ತೊಟ್ಟಿಲಲ್ಲಿ ಮಾತ್ರ ಹಿರಿಯರ ಹೆಸರಿರಲಿ ಅಂದರು. ಹಾಗೆ ಕೂಸಿಗೆ ಈರವ್ವ ಅಂತ ಹೆಸರಾಯಿತು. ನಾನೇ ಒಂದು ಕಡೆ ನಿಂತು ತೊಟ್ಟಿಲು ತೂಗಿದೆ.

ಅಂದಿನಿಂದ ನನ್ನ ಮನೆಯಲ್ಲಿ ಆ ಹೆಸರು ದಿನಕ್ಕೆ ಐವತ್ತು ಸಲ. ಬದುಕಿದ್ದಾಗ ಅವರು ಆಕೆಯನ್ನೂ ಹೆಸರು ಹಿಡಿದು ಕರೆದಿರಲಿಕ್ಕಿಲ್ಲ. ಈಗ ಬಾಯಿ ತುಂಬ ಕರೆಯಬಹುದು, ಯಾರೂ ಏನೂ ಅನ್ನುವ ಹಾಗಿಲ್ಲ. ಈರವ್ವಾ ಉಂಡ್ಯಾ, ಈರವ್ವಾ ಚಪ್ಪಲ ಎಲ್ಲಿ, ಈರವ್ವಾ ಸೈಕಲ್ ಹತ್ತು. ಸಾಲಿಗೆ ಬಿಡುವವರು ಅವರೇ, ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಇಡುವವರೂ ಅವರೇ. ಎರಡು ಹೆರಳು ಹಾಕಿ ರಿಬ್ಬನ್ ಕಟ್ಟುವಾಗ ಅವರ ಬೆರಳು ನೋಡಿ ನಾನು ಒಳಗೆ ಹೋಗಿಬಿಡುತ್ತಿದ್ದೆ. ಮನೆಯಲ್ಲಿ ಉಳಿದವರೆಲ್ಲ ಸೌಂದರ್ಯಾ ಅಂದರು. ನಾನು ಅದನ್ನೂ ಅನ್ನದೆ, ಏ ಹುಡುಗಿ ಅಂದೆ.

ಅವಳಿಗೆ ಏಳು ವರ್ಷವಿದ್ದಾಗ ಒಂದು ದಿನ ಹಿಟ್ಟಿನ ಡಬ್ಬಿ ಉರುಳಿಸಿದಳು. ಜೋಳದ ಹಿಟ್ಟೆಲ್ಲ ನೆಲದ ಪಾಲು. ನಾನು ಬೆನ್ನಿಗೊಂದು ಕೊಟ್ಟೆ.

"ಹಿರ್ಯಾರ ಹೆಸರಿಟ್ಟ ಕೂಸಿನ್ನ ಹೊಡೀಬಾರದು," ಅಂದರು ನಮ್ಮವರು, ಮೆಲ್ಲಗೆ.

ಅಷ್ಟು ವರ್ಷದ ಸಿಟ್ಟು ಬಾಯಿಗೆ ಬಂತು. "ನಾ ಸತ್ತ ಮ್ಯಾಲ ಯಾರಿಗಿಡತೀರಿ ನನ್ನ ಹೆಸರ? ಇದ್ದಾಗರ ಒಮ್ಮೆ ಕರದೀರೇನು?"

ಅವರು ಕುಕ್ಕರುಗಾಲಲ್ಲಿ ಕುಳಿತು ಹಿಟ್ಟು ಬಳಿದು ತುಂಬತೊಡಗಿದರು. ನಾನು ಎರಡು ದಿನ ಮಾತಾಡಲಿಲ್ಲ. ಅವರು ಎರಡು ದಿನ ಉಣ್ಣಲಿಲ್ಲ. ಮೂರನೆಯ ದಿನ ನಾನೇ ರೊಟ್ಟಿ ಬಡಿದು ಹಾಕಿದೆ. ಆ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ.

ಎರಡು ವರ್ಷದ ಹಿಂದೆ ಅವರನ್ನು ಸತ್ತೂರಿನ ದವಾಖಾನೆಗೆ ಹಾಕಿದೆವು. ಹತ್ತಿಯ ಧೂಳು ಕುಡಿದ ಎದೆ, ಉಸಿರು ಸಾಲುತ್ತಿರಲಿಲ್ಲ. ಸೌಂದರ್ಯಾ ಏಳು ತಿಂಗಳ ಬಸುರಿ, ಬಾಣಂತನಕ್ಕೆಂದು ನಮ್ಮ ಮನೆಗೆ ಬಂದಿದ್ದಳು. ಅಜ್ಜನ ಹತ್ತಿರ ಕುಳಿತು ಚಮಚದಲ್ಲಿ ಎಳನೀರು ಕುಡಿಸಿದಳು. ಅವರು ಈರವ್ವಾ ಸಾಕವಾ, ಈರವ್ವಾ ಮನಿಗೆ ನಡೀ ಅಂತಿದ್ದರು. ಅಂಥ ಹೊತ್ತಿನಲ್ಲೂ ನಾನು ಕಿಟಕಿಯ ಕಡೆ ಮುಖ ಮಾಡಿ ನಿಂತೆ. ಸುಳ್ಳು ಯಾಕೆ ಹೇಳಲಿ.

ಅವಳು ಹೋದ ಮೇಲೆ ನನ್ನನ್ನು ಕೈಸನ್ನೆ ಮಾಡಿ ಕರೆದರು. ಆಕೆಯ ಮಗ್ಗುಲಲ್ಲೇ ಮಣ್ಣು ಮಾಡಿಸು ಅನ್ನುತ್ತಾರೆ ಅಂತ ತಿಳಿದು, ಎದೆ ಕಲ್ಲು ಮಾಡಿಕೊಂಡು ಬಗ್ಗಿದೆ.

"ಶಂಭುನ ಅವ್ವಾ, ಗಂಡ ಕೂಸ ಹುಟ್ಟಿದರ ನನ್ನ ಹೆಸರ ಇಡತಾರ," ಅಂದರು. ಉಸಿರು ತೆಗೆದುಕೊಂಡರು. "ಗಂಡನ ಹೆಸರಂತ ನಾಚಿ, ಏ ತಮ್ಮಾ ಅಂತ ಕರೀಬ್ಯಾಡ. ಎಲ್ಲಾರೂ ಕರೀತಾರ, ಅದು ಬ್ಯಾರೆ. ನೀ ಕರಿ. ಓಣಿಗೆಲ್ಲಾ ಕೇಳೂ ಹಂಗ, ಶಾಂತಯ್ಯಾ ಅಂತ ದಿನಾ ಕರಿ."