ಸ್ಟೀರಿಂಗು ಕೆಡಿಸಿದ ಹಾಡು

ತರೀಕೆರೆ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಕಾರ್ ಸ್ಟೀರಿಯೊ ಅಂಗಡಿ ಇಟ್ಟುಕೊಂಡಿರುವ ಸಿದ್ದೇಶನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರೇ ಹೇಳುತ್ತದೆ. ಹೇಳುವವರು ಹೇಳಲಿ. ಇಷ್ಟು ವರ್ಷದಲ್ಲಿ ಅವನು ಯಾರ ಮೇಲೆ ಯಾತಕ್ಕೆ ರೇಗಿದ ಎಂದು ಕೂತು ಲೆಕ್ಕ ಹಾಕಿದರೆ ಮುಕ್ಕಾಲು ಪಾಲು ನ್ಯಾಯ ಅವನ ಕಡೆಗೇ ಬರುತ್ತದೆ. ವೈರನ್ನು ಹಲ್ಲಲ್ಲಿ ಕಚ್ಚಿ ಸುಲಿಯುವವರ ಮೇಲೆ ರೇಗಿದ್ದಾನೆ. ಗಟ್ಟಿಮುಟ್ಟಾದ ಕಂಪನಿ ಸೆಟ್ಟನ್ನು ಕಿತ್ತು ಗುಜರಿಗೆ ಎಸೆದು, ಬಣ್ಣದ ದೀಪ ಮಿಣಮಿಣ ಅನ್ನುವ ಅಗ್ಗದ ಸೆಟ್ಟು ಕೂರಿಸುವವರ ಮೇಲೆ ರೇಗಿದ್ದಾನೆ. ಆದರೆ ಹೋದ ಶ್ರಾವಣದಲ್ಲಿ ಬಂದ ಕೋಪವೇ ಬೇರೆ. ಆಗ ಅವನ ಕೆಲಸದ ಮೇಲೆ ಸುಳ್ಳು ಬರೆದಿದ್ದರು, ಅದೂ ಕಂಪ್ಯೂಟರಿನಲ್ಲಿ ಅಚ್ಚು ಹಾಕಿ.

ಸಿದ್ದೇಶ ಬುಕ್ಕಾಂಬುಧಿ ಕಡೆಯವನು. ಮನೆಯ ಹೊಲ, ತೆಂಗಿನ ತೋಟ ಅಣ್ಣನ ಪಾಲಿಗೆ ಬಿಟ್ಟು, ಹತ್ತನೇ ಕ್ಲಾಸು ಮುಗಿದೊಡನೆ ಕಡೂರಿನಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ತೀರ್ಥಪ್ಪನವರ ಅಂಗಡಿ ಸೇರಿದ. ತೀರ್ಥಪ್ಪ ಆರು ತಿಂಗಳು ಅವನ ಕೈಗೆ ಬೆಸುಗೆಯ ಕಡ್ಡಿ ಕೊಡಲೇ ಇಲ್ಲ. ಸ್ಕ್ರೂ ಬಿಚ್ಚು, ಬಿಚ್ಚಿದ ಹಾಗೇ ಮತ್ತೆ ಕೂರಿಸು, ಒಂದು ಸ್ಕ್ರೂ ಮಿಕ್ಕಿದರೂ ಮತ್ತೆ ಬಿಚ್ಚು, ಇಷ್ಟೇ ಪಾಠ. ಕಂಪನಿಯವನು ಹಾಕಿದ ವೈರನ್ನು ಕತ್ತರಿಸುವವನು ಕಸುಬುದಾರನಲ್ಲ, ಇಲಿ ಎಂದು ಬೈಯುತ್ತಿದ್ದರು. ಆ ಬೈಗುಳವನ್ನು ಸಿದ್ದೇಶ ಮಂತ್ರದ ಹಾಗೆ ಇಟ್ಟುಕೊಂಡ. ತರೀಕೆರೆಯಲ್ಲಿ ಸ್ವಂತ ಅಂಗಡಿ ಹಾಕಿದ ಮೇಲೆ ಕ್ಯಾಸೆಟ್ಟಿನ ಕಾಲ ಹೋಯಿತು, ಸಿಡಿ ಬಂತು, ಸಿಡಿಯೂ ಹೋಗಿ ಪೆನ್‌ಡ್ರೈವು ಬಂತು. ಕಾರಿನ ಜೊತೆಗೇ ಬಂದ ಹಳೇ ಸೆಟ್ಟಿನ ಒಳಗೆ ಒಂದು ಸಣ್ಣ ಬೋರ್ಡು ಕೂರಿಸಿ, ಅದೇ ಸೆಟ್ಟು ಎಂಪಿತ್ರೀ ಹಾಡುವಂತೆ ಮಾಡುವುದು ಅವನ ಕೈಚಳಕವಾಯಿತು. ಡ್ಯಾಶ್‌ಬೋರ್ಡಿನ ಮುಖದಲ್ಲಿ ಒಂದು ಗೀರೂ ಬೀಳುತ್ತಿರಲಿಲ್ಲ. ಒಂದು ವೈರನ್ನೂ ಕತ್ತರಿಸುತ್ತಿರಲಿಲ್ಲ. ಶಿವನಿಯಿಂದ, ಲಿಂಗದಹಳ್ಳಿಯಿಂದ ಜನ ಅವನನ್ನು ಕೇಳಿಕೊಂಡು ಬರುತ್ತಿದ್ದರು.

ಹಾಗೆ ಬಂದವರಲ್ಲಿ ಅಜ್ಜಂಪುರದ ಕೊಬ್ಬರಿ ವ್ಯಾಪಾರಿ ಬಸವರಾಜಪ್ಪನವರೂ ಒಬ್ಬರು. ಅರವತ್ತೈದು ದಾಟಿದ ಮೇಲೆ ಹೊಸ ಕಾರು ಕೊಂಡಿದ್ದರು, ಅದೂ ಆ ಮಾಡೆಲ್ಲಿನಲ್ಲಿ ಎಲ್ಲಕ್ಕಿಂತ ಕೆಳಗಿನ ದರ್ಜೆಯದು. ಅದರ ಸೆಟ್ಟಿನಲ್ಲಿ ರೇಡಿಯೊ ಒಂದೇ ಬರುತ್ತಿತ್ತು. ಅವರ ಹೆಂಡತಿ ಗುರುಶಾಂತಮ್ಮ ಅಕ್ಕನ ಬಳಗದ ಹೆಂಗಸರ ಜೊತೆ ಮಠದಲ್ಲಿ ವಚನ ಹಾಡಿದ್ದನ್ನು ಯಾರೋ ಪೆನ್‌ಡ್ರೈವಿಗೆ ಹಾಕಿಕೊಟ್ಟಿದ್ದರು. ತಮ್ಮ ದನಿ ತಮ್ಮ ಕಾರಿನಲ್ಲಿ ಕೇಳಬೇಕು ಎಂಬುದು ಆಯಮ್ಮನ ಆಸೆ. ಶೋರೂಮಿನಲ್ಲಿ ಕೇಳಿದರೆ, ಈ ಸೆಟ್ಟಿಗೆ ಅದೆಲ್ಲ ಆಗುವುದಿಲ್ಲ, ಸೆಟ್ಟನ್ನೇ ಬದಲಾಯಿಸಬೇಕು ಎಂದರಂತೆ.

ಸಿದ್ದೇಶ ಸೆಟ್ಟು ಬಿಚ್ಚಿ ನೋಡಿದ. ನೋಡಿದವನ ಮೈ ಉರಿದುಹೋಯಿತು. ಒಳಗಿದ್ದದ್ದು ಮೇಲಿನ ದರ್ಜೆಯ ಕಾರಿಗೆ ಹಾಕುವ ಅದೇ ಬೋರ್ಡು. ಪೆನ್‌ಡ್ರೈವಿನ ಹಾಡು ಓದುವ ಚಿಪ್ಪು ಅಲ್ಲೇ ಇತ್ತು. ಅಲ್ಲಿಂದ ಮುಂದಕ್ಕೆ ಎಳೆದ ತಾಮ್ರದ ಗೆರೆಗಳೂ ಇದ್ದವು. ಪೆನ್‌ಡ್ರೈವು ಚುಚ್ಚುವ ಬಾಯಿ ಕೂರಬೇಕಾದ ಜಾಗದಲ್ಲಿ ಮಾತ್ರ ಖಾಲಿ ತೂತುಗಳು, ಅದರ ಮುಂದೆ ಒಂದು ಪ್ಲಾಸ್ಟಿಕ್ ಮುಚ್ಚಳ. ಹಿಡಿ ಕಡಲೆಕಾಯಿಯ ಬೆಲೆ ಬಾಳುವ ಒಂದು ಬಾಯಿಯನ್ನು ಬೇಕೆಂದೇ ಬಿಟ್ಟಿದ್ದರು. ಸೆಟ್ಟಿಗೆ ಆಗುವುದಿಲ್ಲ ಎನ್ನುವುದು ಹಸಿ ಸುಳ್ಳು. ಆಗುತ್ತಿತ್ತು, ಆದರೆ ಕಡಿಮೆ ದುಡ್ಡಿನ ಕಾರು ಕೊಂಡವರಿಗೆ ಆಗಕೂಡದು ಎಂದು ಯಾರೋ ತಂಪಾದ ಕೋಣೆಯಲ್ಲಿ ಕೂತು ತೀರ್ಮಾನ ಮಾಡಿದ್ದರು. ಸಿದ್ದೇಶ ಮಧ್ಯಾಹ್ನ ಊಟಕ್ಕೆ ಕೂತಾಗಲೂ ಅದನ್ನೇ ಒದರುತ್ತಿದ್ದ. ಹೆಂಡತಿ ನಯನ, ಮುದ್ದೆ ಆರಿಹೋಗ್ತಿದೆ, ಮೊದಲು ಉಂಡು ಆಮೇಲೆ ಬೈಯಿರಿ ಎಂದಳು.

ಉಂಡು, ಬೈದು, ಹೋಗಿ ಆ ಬಾಯಿಯನ್ನು ಬೆಸೆದ. ನಾಲ್ಕು ಚುಕ್ಕೆ ಬೆಸುಗೆ, ಅಷ್ಟೇ. ಮುಚ್ಚಳ ತೆಗೆದು ಪೆನ್‌ಡ್ರೈವು ಚುಚ್ಚಿದ ಕೂಡಲೇ ಅಕ್ಕನ ಬಳಗ ಹಾಡತೊಡಗಿತು. ಗುರುಶಾಂತಮ್ಮ ಕಾರಿನಿಂದ ಇಳಿಯಲೇ ಒಪ್ಪಲಿಲ್ಲ.

ಏಳು ತಿಂಗಳು ಏನೂ ಇಲ್ಲ. ಶ್ರಾವಣದಲ್ಲಿ ಒಂದು ಬೆಳಿಗ್ಗೆ ಬಸವರಾಜಪ್ಪ ಬುಕ್ಕಾಂಬುಧಿ ಕೆರೆ ಏರಿಯ ಮೇಲೆ ಬರುವಾಗ ಸ್ಟೀರಿಂಗು ಇದ್ದಕ್ಕಿದ್ದ ಹಾಗೆ ಕಲ್ಲಾಯಿತು. ಎರಡೂ ಕೈಯಲ್ಲಿ ಜಗ್ಗಿ ಹೇಗೋ ನಿಲ್ಲಿಸಿದರು. ಒಂದು ಕಡೆ ಕೆರೆ, ಒಂದು ಕಡೆ ಇಳಿಜಾರು. ಕಾರನ್ನು ಎಳೆಸಿಕೊಂಡು ಕಡೂರಿನ ಹೈವೇ ಪಕ್ಕದ ಶೋರೂಮಿಗೆ ಒಯ್ದರು. ಮಾರನೇ ದಿನ ಅವರು ಸಿದ್ದೇಶನ ಅಂಗಡಿಗೆ ಬಂದಾಗ ಕೈಯಲ್ಲಿ ಒಂದು ಹಾಳೆ ಇತ್ತು, ಮುಖ ಸಪ್ಪಗಿತ್ತು. ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು: ಹೊರಗಡೆ ಸ್ಟೀರಿಯೊ ಕೆಲಸ ಮಾಡಿಸಿದ್ದರಿಂದ ವೈರಿಂಗ್ ಹಾಳಾಗಿ ಸ್ಟೀರಿಂಗ್ ಕೆಟ್ಟಿದೆ, ವಾರಂಟಿ ಇಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಎಂದರೆ ಇದೇ ತಾನೆ? ಸ್ಟೀರಿಂಗನ್ನು ಹಗುರವಾಗಿ ತಿರುಗಿಸುವ ಮೋಟಾರೆಲ್ಲಿ, ಸೆಟ್ಟಿನೊಳಗಿನ ನಾಲ್ಕು ಚುಕ್ಕೆ ಬೆಸುಗೆ ಎಲ್ಲಿ! ಆದರೆ ಬಸವರಾಜಪ್ಪ ನಂಬಿಬಿಟ್ಟಿದ್ದರು. ಬೈಯಲಿಲ್ಲ, ಬೈದಿದ್ದರೆ ಸಿದ್ದೇಶನಿಗೆ ಇಷ್ಟು ನೋಯುತ್ತಿರಲಿಲ್ಲ.

“ನಾನು ಸಾಯ್ತಿದ್ದೆ ಕಣಯ್ಯ ಸಿದ್ದೇಶ,” ಎಂದರು. “ಆ ಹಾಡಿನ ಆಸೆಗೆ.”

ಅಂಗಡಿಯ ಮುಂದೆ ಇನ್ನಿಬ್ಬರು ಗಿರಾಕಿಗಳು ನಿಂತಿದ್ದರು. ಒಬ್ಬ ತನ್ನ ಕಾರಿನ ಬೀಗದ ಕೈ ಜೇಬಿಗೆ ಹಾಕಿಕೊಂಡು, ಆಮೇಲೆ ಬರ್ತೀನಿ ಅಂತ ಹೊರಟೇಹೋದ. ಮೂವತ್ತು ವರ್ಷ ಕಟ್ಟಿದ ಹೆಸರು ಹೋಗುವುದಕ್ಕೆ ಎಷ್ಟು ಹೊತ್ತು ಬೇಕು ಎಂದು ಸಿದ್ದೇಶನಿಗೆ ಆಗ ಗೊತ್ತಾಯಿತು. ಬೆಸುಗೆ ಕಡ್ಡಿ, ಮೀಟರು ಎಲ್ಲ ಚೀಲಕ್ಕೆ ತುಂಬಿಕೊಂಡು, ಅಂಗಡಿಗೆ ಬಾಗಿಲು ಹಾಕಿ, ಬಸವರಾಜಪ್ಪನವರನ್ನು ಕರೆದುಕೊಂಡು ಕಡೂರಿನ ಬಸ್ಸು ಹತ್ತಿದ.

ಶೋರೂಮಿನ ಸರ್ವಿಸ್ ಮ್ಯಾನೇಜರು ದುಶ್ಯಂತ್ ಎಂಬವರು, ಮೂವತ್ತರ ಆಸುಪಾಸು, ಮಾತು ಬಹಳ ನಯ. ಬಸವರಾಜಪ್ಪನವರಿಗೆ ಕಾಫಿ ತರಿಸಿದರು, ಸಿದ್ದೇಶನಿಗೆ ಕುರ್ಚಿಯನ್ನೂ ತೋರಿಸಲಿಲ್ಲ. ಸೆಟ್ಟಿನಿಂದ ಸ್ಟೀರಿಂಗಿಗೆ ಯಾವ ವೈರು ಹೋಗುತ್ತದೆ ತೋರಿಸಿ ಎಂದು ಸಿದ್ದೇಶ ಕೇಳಿದ್ದಕ್ಕೆ, ಅದು ಟೆಕ್ನಿಕಲ್, ನಿಮಗೆ ಅರ್ಥವಾಗುವುದಿಲ್ಲ ಎಂದರು. ಕೊನೆಗೆ ಒಂದು ದಾರಿ ಹೇಳಿದರು. ಹೊರಗಿನವರು ಮಾಡಿದ್ದನ್ನು ತೆಗೆದು ಸೆಟ್ಟು ಮೊದಲಿನ ಹಾಗಾದರೆ ವಾರಂಟಿಯಲ್ಲಿ ಹೊಸ ಮೋಟಾರು ಹಾಕಿಕೊಡುತ್ತಾರಂತೆ.

ಸಿದ್ದೇಶನ ನಾಲಿಗೆಯ ತುದಿಗೆ ಏನೇನೋ ಬಂತು. ಬಸವರಾಜಪ್ಪ ಅವನ ತೋಳು ಹಿಡಿದುಕೊಂಡರು. ಅವರಿಗೆ ಸ್ಟೀರಿಂಗು ಸರಿಹೋದರೆ ಸಾಕಿತ್ತು. ಕೆರೆ ಏರಿಯ ನಡುಕ ಅವರ ಬೆರಳಲ್ಲಿ ಇನ್ನೂ ಇದ್ದದ್ದು ಅವನಿಗೆ ತಿಳಿಯಿತು. ಕೋಪವನ್ನು ಹೊಟ್ಟೆಗೆ ಹಾಕಿಕೊಂಡು, ಬೆಸುಗೆ ಕಡ್ಡಿಗೆ ಪ್ಲಗ್ಗು ಹುಡುಕಿ, ತಾನು ಬೆಸೆದದ್ದನ್ನು ತಾನೇ ಬಿಚ್ಚಿದ. ಮುಚ್ಚಳ ಮತ್ತೆ ಕೂರಿಸಿದ. ಹಾಡುತ್ತಿದ್ದ ಸೆಟ್ಟಿನ ಬಾಯಿಯನ್ನು ತನ್ನ ಕೈಯಾರೆ ಮುಚ್ಚುವುದು ಅವನ ಕಸುಬಿನಲ್ಲಿ ಅದೇ ಮೊದಲು.

ಮೋಟಾರು ಅಲ್ಲೇ ಸ್ಟಾಕಿನಲ್ಲಿತ್ತು. ಅದನ್ನು ಬದಲಾಯಿಸಿದ ಮೆಕ್ಯಾನಿಕ್ಕು ಹೊನ್ನೇಶ್, ಬೀರೂರಿನವನು, ಕೈ ಒರೆಸಿಕೊಳ್ಳುವ ನೆವದಲ್ಲಿ ಸಿದ್ದೇಶನ ಪಕ್ಕಕ್ಕೆ ಬಂದು ತಗ್ಗಿದ ದನಿಯಲ್ಲಿ ಹೇಳಿದ. “ಇದು ಈ ತಿಂಗಳಲ್ಲಿ ಮೂರನೇದು ಕಣಣ್ಣ. ಮೋಟಾರೇ ಸರಿಯಿಲ್ಲ. ನನ್ನ ಹೆಸರು ಮಾತ್ರ ಎತ್ತಬೇಡ, ಕೆಲಸ ಹೋಯ್ತದೆ.”

ಅಂದರೆ ಅವರಿಗೆಲ್ಲ ಗೊತ್ತಿತ್ತು! ತಿಳಿಯದೆ ಬರೆದಿದ್ದರೆ ಮಾಫು ಮಾಡಬಹುದು. ತಿಳಿದೂ ತಿಳಿದೂ ತಮ್ಮ ಮೋಟಾರಿನ ಪಾಪವನ್ನು ತರೀಕೆರೆಯ ಒಬ್ಬ ಬಡ ಕಸುಬುದಾರನ ತಲೆಗೆ ಕಟ್ಟಿದ್ದರು. ಸಿದ್ದೇಶ ಹಲ್ಲು ಕಚ್ಚಿಕೊಂಡು ಹೊನ್ನೇಶನಿಗೆ ತಲೆ ಆಡಿಸಿದ.

ಮಧ್ಯಾಹ್ನ ಮೂರಕ್ಕೆ ಕಾರು ತಯಾರಾಯಿತು. ಸ್ಟೀರಿಂಗು ಒಂದೇ ಬೆರಳಲ್ಲಿ ತಿರುಗುತ್ತಿತ್ತು. ದುಶ್ಯಂತ್ ಹೊಸ ಹಾಳೆ ಅಚ್ಚು ಹಾಕಿ ತಂದು, ಹೊರಗಿನ ಕೆಲಸ ತೆಗೆದವರು ನೀವೇ ಆದ್ದರಿಂದ ಇಲ್ಲೊಂದು ಸಹಿ ಎಂದು ಸಿದ್ದೇಶನ ಮುಂದಿಟ್ಟರು. ಸಿದ್ದೇಶ ಒಂದೊಂದೇ ಅಕ್ಷರ ಕೂಡಿಸಿ ಓದಿದ. ತರೀಕೆರೆಯ ಸಿದ್ದೇಶ್ ಎಂಬವರು ಮಾಡಿದ್ದ ಹೊರಗಿನ ಸ್ಟೀರಿಯೊ ಕೆಲಸ ತೆಗೆಯಲಾಗಿದೆ. ಸ್ಟೀರಿಂಗ್ ತೊಂದರೆ ನಿವಾರಣೆಯಾಗಿದೆ. ಮೋಟಾರಿನ ಸುದ್ದಿಯೇ ಇಲ್ಲ.

ಅವನು ತನ್ನ ಕೈಯಾರೆ ಮಾಡಿದ ಉಪಕಾರವನ್ನೇ ಅವನ ವಿರುದ್ಧದ ಸಾಕ್ಷಿ ಮಾಡಿ, ಅದರ ಕೆಳಗೆ ಅವನದೇ ಸಹಿ ಕೇಳುತ್ತಿದ್ದರು. ಹಾಕಿಬಿಡಪ್ಪ, ಗಾಡಿ ಬಿಡ್ತಾರೆ ಎಂದು ಬಸವರಾಜಪ್ಪ ಮೆಲ್ಲಗೆ ಅಂದರು. ಸಿದ್ದೇಶ ಆ ಹಾಳೆಯಲ್ಲಿದ್ದದ್ದನ್ನು ಅವರಿಗೆ ಕನ್ನಡದಲ್ಲಿ ಹೇಳಿದ. ಹೇಳಿ, ಪೆನ್ನು ಮೇಜಿನ ಮೇಲಿಟ್ಟ.

“ಯಜಮಾನ್ರೆ, ನಾನು ತೆಗೆದಿದ್ದಕ್ಕೆ ಸ್ಟೀರಿಂಗು ಸರಿಹೋಯ್ತು ಅಂತ ಬರೆದವ್ರೆ. ಹಂಗಾದ್ರೆ ಮತ್ತೆ ಹಾಕಿದ್ರೆ ಕೆಡಬೇಕಲ್ಲ. ಇಲ್ಲೇ ಹಾಕ್ತೀನಿ, ಇವರ ಕಣ್ಣೆದುರಿಗೇ. ಕೆಟ್ರೆ ಸಹಿ ಹಾಕಿ, ಅಂಗಡಿ ಮುಚ್ಚಿ ಹೋಯ್ತೀನಿ. ಬೀಗದ ಕೈ ಕೊಡ್ತೀರಾ?”

ದುಶ್ಯಂತ್ ನಡುವೆ ಬಾಯಿ ಹಾಕಿ, ಹಾಗೆಲ್ಲ ಮಾಡಿದರೆ ವಾರಂಟಿ ಮತ್ತೆ ಹೋಗುತ್ತದೆ, ಮುಂದೆ ಏನಾದರೂ ಆದರೆ ನಮ್ಮನ್ನು ಕೇಳಬೇಡಿ ಎಂದರು. ಬಸವರಾಜಪ್ಪ ಹಾಳೆಯನ್ನೂ ಸಿದ್ದೇಶನ ಮುಖವನ್ನೂ ನೋಡಿದರು. ನಲವತ್ತು ವರ್ಷ ತಕ್ಕಡಿ ಹಿಡಿದ ಮನುಷ್ಯ ಅವರು. ತೂಕದಲ್ಲಿ ಮೋಸ ಮಾಡಿದ ಎಂಬ ಒಂದು ಮಾತು ವ್ಯಾಪಾರಿಯನ್ನು ಏನು ಮಾಡುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಜೇಬಿನಿಂದ ತಮ್ಮ ಬಳಿಯಿದ್ದ ಇನ್ನೊಂದು ಬೀಗದ ಕೈ ತೆಗೆದು ಸಿದ್ದೇಶನ ಅಂಗೈಯಲ್ಲಿಟ್ಟರು.

“ಹಾಕು,” ಎಂದರು. “ಹೋದ್ರೆ ನನ್ನ ವಾರಂಟಿ ಹೋಗ್ಲಿ.”

ಗಾಜಿನ ಆಚೆ ಇದ್ದ ಗಿರಾಕಿಗಳು ಒಬ್ಬೊಬ್ಬರಾಗಿ ಕಾರಿನ ಸುತ್ತ ನೆರೆದರು. ಸಿದ್ದೇಶ ಅವಸರ ಮಾಡಲಿಲ್ಲ. ಆರು ತಿಂಗಳು ಕಲಿತ ಪಾಠದ ಹಾಗೆ ಸ್ಕ್ರೂಗಳನ್ನು ಬಿಚ್ಚಿ ಸಾಲಾಗಿ ಇಟ್ಟ. ನಾಲ್ಕು ಚುಕ್ಕೆ ಬೆಸೆದ, ಸೆಟ್ಟು ಕೂರಿಸಿದ, ಪೆನ್‌ಡ್ರೈವು ಚುಚ್ಚಿ ದನಿಯನ್ನು ಪೂರ್ತಿ ಏರಿಸಿದ. ಹಾರ್ಮೋನಿಯಂ, ತಾಳ, ಗುರುಶಾಂತಮ್ಮನವರ ಗಂಟಲು, ಹಿಂದೆ ಯಾರೋ ಕೆಮ್ಮಿದ್ದು, ಎಲ್ಲವೂ ಆ ಥಳಥಳಿಸುವ ಶೋರೂಮಿನಲ್ಲಿ ತುಂಬಿಕೊಂಡಿತು.

ಅವನು ಡ್ರೈವರ್ ಸೀಟಿನಿಂದ ಇಳಿದು ದುಶ್ಯಂತ್ ಅವರಿಗೆ ಜಾಗ ಬಿಟ್ಟ. ಕೂತು ತಿರುಗಿಸಿ ಎಂದ. ಬೇಡ ಅನ್ನುವ ಹಾಗಿರಲಿಲ್ಲ, ಅಷ್ಟು ಜನ ನೋಡುತ್ತಿದ್ದರು. ದುಶ್ಯಂತ್ ಕೂತು ಸ್ಟೀರಿಂಗನ್ನು ಎಡಕ್ಕೆ ಕೊನೆಯವರೆಗೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು. ಅದು ಬೆಣ್ಣೆಯ ಹಾಗೆ ತಿರುಗಿತು. ನಿಲ್ಲಿಸಬಹುದೇ ಎಂದು ಅವರು ಮುಖ ಎತ್ತಿದರು. ಸಿದ್ದೇಶ ಇನ್ನೂ ತಿರುಗಿಸಿ ಎಂದ. ಒಂದು ವಚನ ಮುಗಿಯುವವರೆಗೂ ತಿರುಗಿಸುತ್ತಲೇ ಇದ್ದರು. ನೆರೆದವರಲ್ಲಿ ಒಬ್ಬರು, ನಮ್ಮ ಗಾಡೀದೂ ಹಿಂಗೇ ಬಿಗಿಯಾಗಿತ್ತು, ಅದರಲ್ಲಿ ಸೆಟ್ಟೇ ಇರಲಿಲ್ಲವಲ್ಲ ಎಂದು ಜೋರಾಗಿಯೇ ಅಂದರು. ಹೊನ್ನೇಶ್ ದೂರದಲ್ಲಿ ತಲೆ ತಗ್ಗಿಸಿ ಪಾನಾ ಒರೆಸುತ್ತಿದ್ದ.

“ಈಗ ಕಣ್ಣಲ್ಲಿ ಕಂಡಿದ್ದನ್ನ ಬರೀರಿ ಸಾರ್,” ಎಂದ ಸಿದ್ದೇಶ. “ನನ್ನ ಹೊಗಳಿ ಅಂತ ಕೇಳಲ್ಲ.”

ದುಶ್ಯಂತ್ ಒಳಗೆ ಹೋದರು. ಬಹಳ ಹೊತ್ತಿನ ಮೇಲೆ ಹೊರಬಂದದ್ದು ಹೊಸ ಹಾಳೆ. ಅದರಲ್ಲಿ ಒಂದೇ ಸಾಲು: ಸ್ಟೀರಿಂಗ್ ಮೋಟಾರು ಕೆಟ್ಟಿತ್ತು, ವಾರಂಟಿಯಲ್ಲಿ ಬದಲಾಯಿಸಿದೆ. ತಪ್ಪಾಯಿತು ಎಂಬ ಮಾತು ಹಾಳೆಯಲ್ಲೂ ಇರಲಿಲ್ಲ, ಯಾರ ಬಾಯಲ್ಲೂ ಬರಲಿಲ್ಲ. ಆ ಸಿಟ್ಟು ಸಿದ್ದೇಶನಿಗೆ ಇವತ್ತಿಗೂ ಇದೆ. ಹಾಳೆಯನ್ನು ಅವನು ಮೂರು ಸಲ, ಮೇಲಿಂದ ಕೆಳಗೆ, ಹಿಂದೆ ಮುಂದೆ ತಿರುಗಿಸಿ ಓದಿದ. ಅವನ ಹೆಸರು ಎಲ್ಲೂ ಇರಲಿಲ್ಲ. ಅವನು ಬಂದದ್ದೂ ಅದಕ್ಕೇ.