ಮಲಿಕಾಳ ಎಡಗಡೆಯ ಗಂಟು

ಮಲಿಕಾ ಹೋದ ಮೇಲೆ ಈ ಓಣಿಯಲ್ಲಿ ನನಗೆ ಬೈಯುವವರೇ ಇಲ್ಲ. ಇಳಕಲ್ಲಿನಲ್ಲಿ ಈ ಬಸವೇಶ್ವರಿಯ ಬಾಯಿಗೆ ಹೆದರದ ಹೆಂಗಸೆಂದರೆ ಅವಳೊಬ್ಬಳೇ. ನಾನು ಒಂದು ಅಂದರೆ ಅವಳು ಎರಡು ಅನ್ನುವಳು, ಮೂರನೆಯದಕ್ಕೆ ಇಬ್ಬರೂ ನಗುತ್ತಿದ್ದೆವು. ಇಪ್ಪತ್ತೆರಡು ವರ್ಷ ಒಂದೇ ಗೋಡೆಯ ಆಚೆ ಈಚೆ ಬದುಕಿದವರು ನಾವು. ಅವಳ ಮಗ್ಗದ ಸದ್ದು ನಿಂತರೆ ನಾನು ಚಹಾಕ್ಕೆ ಇಡುತ್ತಿದ್ದೆ, ಯಾಕೆಂದರೆ ಮಗ್ಗದಿಂದ ಎದ್ದವಳು ಸೀದಾ ನನ್ನ ಅಡುಗೆಮನೆಗೇ ಬರುತ್ತಿದ್ದಳು.

ಗಂಡ ಖಾಸಿಂಸಾಬ ತೀರಿಕೊಂಡ ಮೇಲೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯ್ದೇ ಮಗಳು ತಬಸುಮಳನ್ನು ಬಿ.ಕಾಂ. ಓದಿಸಿದಳು. ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆ ಕೂಡಿಸುವುದರಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. "ಮಷಿನ್ನಿಗೆ ಬೆರಳಿಲ್ಲ, ಬಸೂ" ಎಂದು ಬೀಗುವಳು. ನಾನು ಆಶಾ ಕಾರ್ಯಕರ್ತೆ, ತಿಂಗಳಿಗೊಮ್ಮೆ ಮನೆಮನೆಗೆ ಹೋಗಿ ಜ್ವರ, ಬಸಿರು, ಬಾಣಂತನ ವಿಚಾರಿಸಿ ಸರ್ವೇ ಪುಸ್ತಕದಲ್ಲಿ ಬರೆಯುವವಳು. "ಊರ ಮಂದಿ ಬ್ಯಾನಿಗೆಲ್ಲಾ ಗುಳಿಗಿ ಕೊಡ್ತಿ, ನಿನ್ನ ನಾಲಗಿಗೆ ಒಂದ ಗುಳಿಗಿ ಸಿಗ್ಲಿಲ್ಲ ನೋಡ" ಎಂದು ಮಲಿಕಾ ಕಾಡುವಳು.

ಆ ನಾಲಗೆಯೇ ಎಲ್ಲ ಕೆಡಿಸಿತು. ನನ್ನ ಮಗಳ ಮದುವೆಗೆ ಅವಳೇ ದಾಳಿಂಬೆ ಬಣ್ಣದ ಸೀರೆ ನೇಯ್ದು ಕೊಟ್ಟಿದ್ದಳು. ಹುನಗುಂದದಿಂದ ಬಂದ ಬೀಗರ ಮುಂದೆ ದೊಡ್ಡಸ್ತಿಕೆ ತೋರಿಸಲು ಹೋಗಿ ನಾನು, "ದಡಿ ಅಷ್ಟ ಕೂಡಿಲ್ರಿ. ಪಾವರಲೂಮಿಂದ ತಂದಿದ್ರನ ಚಲೋ ಇರ್ತಿತ್ತು" ಎಂದುಬಿಟ್ಟೆ. ಮಲಿಕಾ ಹಿಂದೆಯೇ ನಿಂತಿದ್ದಳು. ಕೈಮಗ್ಗದವಳಿಗೆ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಊಟ ಮಾಡದೆ ಹೊರಟುಹೋದಳು. ಮರುದಿನವೇ ಹೋಗಿ ತಪ್ಪಾಯಿತು ಎನ್ನಬೇಕಿತ್ತು. ಎನ್ನಲಿಲ್ಲ. ಬೇಕಾದರೆ ಅವಳೇ ಬರಲಿ ಎಂದು ಸೆಟೆದು ಕೂತೆ. ಹೀಗೆ ಒಂದೂವರೆ ವರ್ಷ.

ಆ ದಿನಗಳಲ್ಲಿ ಅವಳು ಮಾತಾಡಿದ್ದು ಫೋನಿನ ಜೊತೆ. ತಬಸುಮ ಅದರೊಳಗೆ ಎಐ ಹಾಕಿಕೊಟ್ಟಿದ್ದಳು. ಬಾಯಲ್ಲಿ ಕೇಳಿದರೆ ಅದೂ ಬಾಯಿಬಿಟ್ಟು ಕನ್ನಡದಲ್ಲಿ ಉತ್ತರ ಹೇಳುವುದು. ಎಳೆ ಹರಿದರೆ, ಬಣ್ಣ ಬಿಟ್ಟರೆ ಅದನ್ನೇ ಕೇಳುವಳು. ಸೊಂಟನೋವು, ಕಣ್ಣುರಿಗೂ ಅದೇ. ಗೋಡೆಯ ಈಚೆ ನನಗೆ ಬಿಡಿಬಿಡಿಯಾಗಿ ಕೇಳಿಸುತ್ತಿತ್ತು. 'ಎಷ್ಟು ದಿನಗಳಿಂದ ನೋವಿದೆ?' ಎಂದು ಅದು ಕೇಳಿದರೆ ನಾನು ಕೈಯಲ್ಲಿದ್ದ ಪಾತ್ರೆ ಕುಕ್ಕುತ್ತಿದ್ದೆ. ಅದು ನಾನು ಕೇಳಬೇಕಾದ ಮಾತಲ್ಲವೇ! ಆ ಹಾಳು ಫೋನಿನ ಮೇಲೆ ಎಷ್ಟು ಹೊಟ್ಟೆಕಿಚ್ಚು ಪಟ್ಟೆನೋ.

ಕಳೆದ ವರ್ಷ ದೀಪಾವಳಿ ಮುಗಿದ ವಾರ ತಬಸುಮ ಅಳುತ್ತ ಬಂದಳು. "ಮಾವಶಿ, ಅಮ್ಮಿಗೆ ಕೈ ಎತ್ತಾಕ ಬರವಲ್ದು. ಬಗಲಾಗ ಬಾತೈತಿ. ಯಾರಿಗೂ ತೋರಸವಲ್ಲಳ."

ಚಪ್ಪಲಿಯನ್ನೂ ಮೆಟ್ಟದೆ ಓಡಿದೆ. ಮಲಿಕಾ ಮುಖ ತಿರುವಿದಳು, ಆದರೆ ಕುಪ್ಪಸದ ಗುಂಡಿ ತಾನೇ ಬಿಚ್ಚಿದಳು. ಮುಟ್ಟಿ ನೋಡಿದೆ. ಎಡ ಮೊಲೆಯಲ್ಲಿ ಲಿಂಬೆಹಣ್ಣಿನಷ್ಟು ಗಂಟು.

"ಎಷ್ಟ ದಿನಾ ಆತ?" ಎಂದೆ.

"ಎಂಟ ತಿಂಗಳು. ಫೋನಿಗೆ ಕೇಳಿದ್ನಿ. ಚಿಂತಿ ಬ್ಯಾಡ ಅಂತು."

"ಏನಂತ ಕೇಳಿದ್ದಿ?"

"ಎಡಗಡಿ ಗಂಟ ಬಂದೈತಿ, ಕಡ್ಲಿಕಾಳಿನಷ್ಟ, ಏನ ಮಾಡ್ಲಿ ಅಂದ್ನಿ."

"ಎದಿಯೊಳಗ ಅಂತ ಹೇಳ್ಲಿಲ್ಲೇನ?"

"ಛೀ! ಅದರದು ಗಂಡಸಿನ ದನಿ. ಅದಕ್ಕ ಹ್ಯಾಂಗ ಹೇಳ್ಲಿ?"

ಹೆಚ್ಚಾಗಿ ಮಗ್ಗದ ಮಾತನ್ನೇ ಆಡುವವಳು ಗಂಟು ಎಂದರೆ ಫೋನು ಬೇರೇನು ತಿಳಿದೀತು? ನೂಲಿನ ಗಂಟೆಂದು ತಿಳಿದು, ಸಣ್ಣದಾದರೆ ಚಿಂತೆ ಬೇಡ, ಜಗ್ಗಬೇಡಿ, ನೇಯ್ಗೆ ಮುಂದುವರಿಸಿ ಎಂದಿತ್ತು. ಅದು ತಪ್ಪು ತಿಳಿದಿದೆ ಎಂದು ಮಲಿಕಾಳಿಗೂ ಗೊತ್ತಿತ್ತು. ಆದರೂ ಚಿಂತೆ ಬೇಡ ಎಂಬ ಮಾತು ಅವಳಿಗೆ ಬೇಕಾಗಿತ್ತು, ಅದೊಂದನ್ನೇ ಹಿಡಿದುಕೊಂಡಳು. ನಗಬೇಕೋ ಅಳಬೇಕೋ ತಿಳಿಯದೆ ನಾನು ಬೈದೆ, ಒಂದೂವರೆ ವರ್ಷದ್ದನ್ನೆಲ್ಲ ಒಂದೇ ಸಲಕ್ಕೆ. ಅವಳೂ ಬೈದಳು. ಆಮೇಲೆ ಇಬ್ಬರೂ ಕೂತು ಅತ್ತೆವು.

ಬಾಗಲಕೋಟೆಯ ದವಾಖಾನೆಗೆ ಪ್ರತಿ ಸಲ ನಾನೇ ಕರೆದೊಯ್ದೆ. ತಡವಾಗಿದೆ ಎಂದರು ಡಾಕ್ಟರು. ಬರುವಾಗ ಬಸ್ಸಿನಲ್ಲಿ ನನ್ನ ಹೆಗಲ ಮೇಲೆ ತಲೆಯಿಟ್ಟು ಮಲಗುವಳು. ಔಷಧಿಗೆ ಕೂದಲು ಉದುರಿದಾಗ, "ಇನ್ನ ಹೇನ ನೋಡೂ ಕೆಲಸಾ ತಪ್ಪಿತ ನಿನಗ" ಎಂದು ನಕ್ಕಳು. ಮದುವೆಯ ದಿನದ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬೇಸಿಗೆ ಮುಗಿಯುವ ಮೊದಲೇ ಹೋಗಿಬಿಟ್ಟಳು. ಈಗಲೂ ಚಹಾಕ್ಕೆ ಒಂದು ಕಪ್ ನೀರು ಹೆಚ್ಚೇ ಹಾಕುತ್ತೇನೆ, ಕೈಗೆ ಬುದ್ಧಿಯಿಲ್ಲ. ಅವಳ ಒಂದು ಬೈಗುಳಕ್ಕಾಗಿ ಜೀವ ಹಂಬಲಿಸುತ್ತದೆ.

ನಲವತ್ತನೆಯ ದಿನದ ಊಟ ಮುಗಿದ ಮೇಲೆ ತಬಸುಮ ತನ್ನ ತಾಯಿಯ ಫೋನು ತಂದು ನನ್ನ ಮುಂದೆ ಇಟ್ಟಳು. ಮಲಿಕಾ ಕೇಳಿದ್ದೆಲ್ಲ ಅಕ್ಷರವಾಗಿ ಅದರಲ್ಲಿ ಉಳಿದಿತ್ತು. ಗಂಟಿನ ಬಗ್ಗೆ ಕೇಳಿದ ದಿನವೇ, ಅದರ ಕೆಳಗೆ, ಇನ್ನೊಂದು ಮಾತು ಕೇಳಿದ್ದಳು. "ಮಾತ ಬಿಟ್ಟ ಗೆಳತಿನ್ನ ಮತ್ತ ಮಾತಾಡ್ಸೂದು ಹ್ಯಾಂಗ?"

'ಅವರ ಆರೋಗ್ಯ ವಿಚಾರಿಸಿ. ಮಾತು ತಾನಾಗಿ ಶುರುವಾಗುತ್ತದೆ' ಎಂದಿತ್ತು ಫೋನು.

ಅದಕ್ಕೆ ಮಲಿಕಾ ಹೇಳಿದ್ದಳು: "ಊರ ಮಂದಿ ಆರೋಗ್ಯ ವಿಚಾರ್ಸಾಕಿನ ಆಕಿ. ಈ ತಿಂಗಳ ಸರ್ವೇಕ್ಕ ನಮ್ಮನಿಗೂ ಬರಬೇಕು. ಬಂದಾಗ ಆಕಿಗೇ ತೋರಸ್ತೇನಿ."

ತಾರೀಖು ನೋಡಿಕೊಂಡು ಮನೆಗೆ ಬಂದೆ. ನನ್ನ ಸರ್ವೇ ಪುಸ್ತಕ ತೆಗೆದೆ. ಆ ತಿಂಗಳು ಅವರ ಮನೆ ನಂಬರಿನ ಮುಂದೆ, ಬಾಗಿಲಿಗೂ ಹೋಗದೆ, ನನ್ನದೇ ಕೈಯಲ್ಲಿ ಬರೆದಿದ್ದೆ: ಎಲ್ಲರೂ ಆರಾಮ.